ಬೋಟು ದಡದಲ್ಲಿದ್ದ ತಿಂಗಳುಗಳು

ಆ ಭಾನುವಾರ ಸಂಜೆ ಅಂಕೋಲಾ ಬಸ್ ನಿಲ್ದಾಣದಲ್ಲಿ ಕಾರವಾರದ ಬಸ್ಸು ನಿಂತಾಗ ಮೊದಲು ಇಳಿದದ್ದು ಒಂದು ಚೀಲ, ಆಮೇಲೆ ನನ್ನ ಮಗಳು, ಕೊನೆಗೆ ಅವಳ ಅಪ್ಪ. ಮಗಳಿಗೆ ಆಗ ಹನ್ನೊಂದು ವರ್ಷ. ನನಗೂ ಅವಳ ಅಪ್ಪನಿಗೂ ವಿಚ್ಛೇದನವಾಗಿ ಆರು ವರ್ಷವಾಗಿತ್ತು. ತಿಂಗಳಿಗೆ ಎರಡು ಭಾನುವಾರ ಅವಳು ಕಾರವಾರ ಬಂದರಿನ ಬದಿಯ ಬೈತಖೋಲದಲ್ಲಿದ್ದ ಅಪ್ಪನ ಮನೆಗೆ ಹೋಗಿ ಸಂಜೆ ನನ್ನಲ್ಲಿಗೆ ವಾಪಸಾಗಬೇಕು ಎಂದು ಕೋರ್ಟಿನ ಆದೇಶವಿತ್ತು. ಹಾಗೆ ಬಂದಿದ್ದಳು.

ಅವಳ ಎರಡು ಜಡೆಗಳು ಕಿವಿಯ ಪಕ್ಕ ಗಟ್ಟಿಯಾಗಿ ನಿಂತಿದ್ದವು. ಬೆಳಿಗ್ಗೆ ನಾನು ಹಾಕಿ ಕಳಿಸಿದ್ದು ಒಂದೇ ಜಡೆ.

“ಮತ್ತೆ ಬಿಚ್ಚಿ ಕಟ್ಟಿದ್ದಾ?” ಎಂದೆ.

“ನೀವು ಕಟ್ಟಿದ್ದು ಬಿಣಗಾ ದಾಟೂದ್ರೊಳಗೇ ಸಡ್ಲ ಆಗಿತ್ತು,” ಎಂದರು ಅವರು. “ಮಧ್ಯಾಹ್ನ ನಾನೇ ಕೂತು ಕಟ್ದೆ. ಬಿಚ್ಚೂದಾದ್ರೆ ನಿಧಾನಕ್ಕೆ ಬಿಚ್ಚಿ.”

“ಕತ್ತರಿ ತೆಗೆದಿಟ್ಟೇ ಬಂದಿದ್ದೆ.”

“ಕತ್ತರಿ ಎಂತಕೆ? ಬೋಟನ್ನೇ ಹಿಡಿದು ನಿಲ್ಸೂ ಗಂಟು ಅದು. ಸ್ವಲ್ಪ ಮರ್ಯಾದೆ ಕೊಡಿ.”

ಚೀಲದಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಒಣ ಸೀಗಡಿ, ಎರಡು ಎಳನೀರು, ಮಗಳ ಒದ್ದೆ ಲಂಗ. ಫೆಬ್ರವರಿ ತಿಂಗಳು. ಜೂನಿನಲ್ಲಿ ಮಗಳಿಗೆ ದೊಡ್ಡ ಬಲೆಯ ಹರುಕು ಹೊಲಿಯುವುದನ್ನು ಕಲಿಸುತ್ತೇನೆ, ಅವಳ ಹಳೆಯ ಕೊಡೆ ಗಾಳಿಗೆ ಹೋಗಿದೆ, ಹೊಸದು ಕೊಡಿಸಿ ಇಡಿ ಎಂದರು. ಕಾರವಾರದ ಬಸ್ಸು ಹೊರಡುವ ಸದ್ದಾಯಿತು. “ಬತ್ತೆ,” ಎಂದು ಓಡಿದರು. ಮಗಳು ಕೈ ಎತ್ತುವಷ್ಟರಲ್ಲಿ ಬಸ್ಸು ತಿರುಗಿತ್ತು.

ರಾತ್ರಿ ಊಟಕ್ಕೆ ಮೊದಲು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಆ ಗಂಟುಗಳನ್ನು ಬಿಚ್ಚಿದೆ. ಬೈದುಕೊಂಡೇ ಬಿಚ್ಚಿದೆ. ಬುಧವಾರ ಬೆಳಿಗ್ಗೆ ಬಂದರಿನಲ್ಲಿ ಮೀನಿನ ಬುಟ್ಟಿ ಇಳಿಸುತ್ತಿದ್ದಾಗ ಅವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಬಿಟ್ಟ ಗಂಡನಿಗಾಗಿ ಇಷ್ಟು ದುಃಖ ಯಾಕೆ ಎಂದು ಆಮೇಲೆ ಕೆಲವರು ಕೇಳಿದರು. ಕೇಳದೆ ಸುಮ್ಮನೆ ನೋಡಿದವರೂ ಇದ್ದರು. ನಾನು ಹೆಚ್ಚು ಓದಿದವಳಲ್ಲ. ಪಿಯುಸಿ ಮುಗಿಸಿ ಅಂಕೋಲೆಯ ಪಕ್ಕದ ನಮ್ಮೂರು ಕೇಣಿಯ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದವಳು. ಬಾಯಲ್ಲಿ ಉತ್ತರ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕೂತರೆ ನೆನಪಿಗೆ ಬರುವುದೆಲ್ಲ ನಗು ಬರಿಸುವಂಥದ್ದೇ.

ಮದುವೆ ಯಾಕೆ ಮುರಿಯಿತು ಎಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ನನ್ನ ಕೆಲಸ ಕೇಣಿಯಲ್ಲಿ, ಅವರ ಬೋಟು ಬೈತಖೋಲದಲ್ಲಿ. ಕೆಲಸ ಬಿಡು ಎಂದರು, ನಾನು ಬಿಡಲಿಲ್ಲ. ನಮ್ಮೂರ ಕಡೆಯ ಬೋಟಿಗೆ ಬನ್ನಿ ಎಂದೆ, ಅವರು ಬರಲಿಲ್ಲ. ಕುಡಿತ ಇಲ್ಲ, ಹೊಡೆತ ಇಲ್ಲ. ನಾವು ಜಗಳಾಡಿದ್ದು ಕಡಿಮೆ, ಮಾತು ಬಿಟ್ಟದ್ದು ಹೆಚ್ಚು. ಮಗಳಿಗೆ ಮೂರು ತುಂಬುವ ಹೊತ್ತಿಗೆ ನಾನು ಅವಳನ್ನು ಎತ್ತಿಕೊಂಡು ತವರಿಗೆ ಬಂದಾಗಿತ್ತು. ಅವಳಿಗೆ ಐದಾಗುವಾಗ ಇಬ್ಬರೂ ಒಪ್ಪಿಯೇ ವಿಚ್ಛೇದನಕ್ಕೆ ಅರ್ಜಿ ಹಾಕಿದೆವು. ಬೇರೆ ಯಾವುದಕ್ಕೂ ತಕರಾರು ಇರಲಿಲ್ಲ. ಮಗಳು ಯಾರ ಹತ್ತಿರ ಎಂಬುದೊಂದೇ ಉಳಿದಿತ್ತು.

ಇಬ್ಬರಿಗೂ ಒಬ್ಬರೇ ವಕೀಲರು. ಕಾರವಾರದಲ್ಲಿ ಕೋರ್ಟಿನಿಂದ ಸ್ವಲ್ಪ ದೂರದಲ್ಲಿ ಮಹಡಿಯ ಮೇಲೆ ಅವರ ಕೋಣೆ. ವಯಸ್ಸಾದವರು, ನಿಧಾನಕ್ಕೆ ಮಾತಾಡುವವರು. ನಾವು ಮೂವರು ಹೋಗಿದ್ದೆವು: ನಾನು, ಮಗಳ ಅಪ್ಪ, ಮತ್ತು ಅವರ ತಾಯಿ, ನನ್ನ ಅತ್ತೆ. ಅತ್ತೆ ನನ್ನೊಡನೆ ಎರಡು ವರ್ಷದಿಂದ ಮಾತಾಡಿರಲಿಲ್ಲ. ನನಗೆ ಮುಟ್ಟಿಸಬೇಕಾದ ಮಾತನ್ನು ಗೋಡೆಗೆ ಹೇಳುತ್ತಿದ್ದರು. ಅಂಗನವಾಡಿ ಕೆಲಸದಿಂದಾಗಿ ಗೋಡೆಯ ಹತ್ತಿರ ನನ್ನ ಹೆಸರು “ಸರ್ಕಾರಿ ಬಾಯಿ”, ಸರ್ಕಾರದ ಹೆಂಗಸು.

ಸುಪರ್ದಿ ಎಂದರೆ ಒಂದೇ ಬಗೆಯದಲ್ಲ ಎಂದು ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ. ಮಗು ದಿನನಿತ್ಯ ಯಾರ ಮನೆಯಲ್ಲಿರುತ್ತದೆ ಎಂಬುದು ಒಂದು ಎಂದರು ವಕೀಲರು. ಶಾಲೆ, ಔಷಧ, ಮುಂದಿನ ದಾರಿ ಇದನ್ನೆಲ್ಲ ಯಾರು ತೀರ್ಮಾನಿಸುತ್ತಾರೆ ಎಂಬುದು ಬೇರೆ. ಎರಡೂ ಒಬ್ಬರಿಗೇ ಸಿಗಬಹುದು. ಮನೆ ಒಬ್ಬರದಾಗಿ ತೀರ್ಮಾನ ಇಬ್ಬರದೂ ಆಗಬಹುದು. ಇಬ್ಬರ ಮನೆಯಲ್ಲೂ ಸರದಿಯ ಮೇಲೆ ಇರುವುದಕ್ಕೆ ಜಂಟಿ ಸುಪರ್ದಿ ಎನ್ನುತ್ತಾರೆ. ಹತ್ತಿರ ಇಲ್ಲದವರಿಗೆ ನೋಡಲು, ಕರೆದೊಯ್ಯಲು ಇಂತಿಷ್ಟು ದಿನ ಎಂದು ಬರೆಯುವುದು ಭೇಟಿಯ ಹಕ್ಕು. ಅಪ್ಪ ಅಮ್ಮ ಇಬ್ಬರಿಂದಲೂ ಆಗದಿದ್ದರೆ ಅಜ್ಜಿಗೋ ಮತ್ತೊಬ್ಬರಿಗೋ ಕೊಡುವುದೂ ಉಂಟು. ಚಿಕ್ಕ ಮಗುವನ್ನು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಬಿಡುತ್ತಾರೆ, ಆದರೆ ಕೋರ್ಟು ನೋಡುವುದು ಮಗುವಿನ ಒಳಿತನ್ನು, ತಾಯಿ ತಂದೆಯ ಹಟವನ್ನಲ್ಲ ಎಂದರು.

ಅತ್ತೆ ಎಲ್ಲವನ್ನೂ ಕೇಳಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ವಕೀಲ್ರೆ, ಬೋಟಿಗೆ ಒಬ್ಬ ಮಾಲೀಕ ಇರ್ತಾನೆ, ಅದನ್ನ ನಡ್ಸೂಕೆ ಒಬ್ಬ ತಾಂಡೇಲ ಇರ್ತಾನೆ. ಕಡಲಿಗೆ ಇಳಿದ್ಮೇಲೆ ತಾಂಡೇಲ ಹೇಳಿದ್ದೇ ಆಗೂದು. ದಡಕ್ಕೆ ಬಂದ್ಮೇಲೆ ಮಾಲೀಕ ಹೇಳಿದ್ದು. ನೀವು ಹೇಳೂದು ಅದೇ ಹೌದೋ ಅಲ್ವೋ?”

“ಹೆಚ್ಚುಕಮ್ಮಿ ಅದೇ.”

“ಹಂಗಾರೆ ಇದ್ರಲ್ಲಿ ಮಾಲೀಕ ಯಾರು?”

ವಕೀಲರು ಕನ್ನಡಕ ತೆಗೆದರು. “ಮಗುವಿಗೆ ಮಾಲೀಕರು ಇರುವುದಿಲ್ಲ ಅಮ್ಮ. ಇವರಿಬ್ಬರೂ ತಾಂಡೇಲರೇ.”

“ಒಂದು ಬೋಟಿಗೆ ಇಬ್ರು ತಾಂಡೇಲ!” ಅತ್ತೆ ಗೋಡೆಯ ಕಡೆ ತಿರುಗಿದರು. “ಬಂಡೆಗೆ ಹೋಗಿ ಹೊಡಿಯೂದೇ ಸೈ.”

ನನಗೆ ನಗು ಬಂತು. ಮಗಳ ಅಪ್ಪನಿಗೂ ಬಂತು. ಬಹಳ ದಿನಗಳ ಮೇಲೆ ಇಬ್ಬರೂ ಒಂದೇ ಸಲಕ್ಕೆ ನಕ್ಕೆವು, ಅದೂ ವಿಚ್ಛೇದನದ ಕಾಗದದ ಮುಂದೆ ಕೂತು.

ಕೊನೆಗೆ ಬರೆದದ್ದು ಹೀಗೆ: ಮಗಳು ನನ್ನ ಸುಪರ್ದಿಯಲ್ಲಿ. ದೊಡ್ಡ ತೀರ್ಮಾನಗಳು ಇಬ್ಬರೂ ಕೂಡಿ. ತಿಂಗಳಿಗೆ ಎರಡು ಭಾನುವಾರ ಮತ್ತು ಬೇಸಿಗೆ ರಜೆಯಲ್ಲಿ ಅರ್ಧ, ಅಂದರೆ ಏಪ್ರಿಲ್ ಹತ್ತರ ನಂತರ ಒಂದು ತಿಂಗಳು, ಅಪ್ಪನ ಹತ್ತಿರ. ವಕೀಲರು ಎಲ್ಲರಿಗೂ ಹಾಗೇ ಬರೆಯುತ್ತಿದ್ದರಂತೆ. ಮಗಳ ಅಪ್ಪ “ಹೂಂ” ಎಂದು ಸಹಿ ಹಾಕಿದರು. ನಾನೂ ಹಾಕಿದೆ.

ನಾನು ಕಡಲ ದಂಡೆಯಲ್ಲಿ ಹುಟ್ಟಿದವಳು. ಅವರು ಹದಿನಾರನೇ ವಯಸ್ಸಿನಿಂದ ಬೋಟಿನಲ್ಲಿ ಇದ್ದವರು. ಅತ್ತೆಯಂತೂ ಮೀನು ಮಾರಿಯೇ ಮನೆ ನಡೆಸಿದವರು. ಏಪ್ರಿಲ್ ಮೇ ಎಂದರೆ ಬೋಟುಗಳಿಗೆ ಉಸಿರಾಡಲು ಪುರಸೊತ್ತಿಲ್ಲ, ಮಳೆಗಾಲಕ್ಕೆ ಕಡಲು ಬಂದಾಗುವ ಮೊದಲು ಹಿಡಿದಷ್ಟು ಹಿಡಿಯಬೇಕು ಎಂಬುದು ಮೂವರಿಗೂ ಗೊತ್ತು. ಜೂನಿನಿಂದ ಸುಮಾರು ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಬೋಟು ದಡದಲ್ಲೇ ಇರುತ್ತದೆ, ಮನೆಯ ಗಂಡಸರು ಮನೆಯಲ್ಲಿ ಸಿಗುವುದು ಆಗ ಮಾತ್ರ ಎಂಬುದೂ ಗೊತ್ತು. ಆದರೆ ಕಾಗದದ ಮೇಲೆ ‘ಬೇಸಿಗೆ ರಜೆ’ ಎಂದು ಕಂಡಾಗ ಮೂವರೂ ಅದನ್ನು ಶಾಲೆಯ ಮಾತೆಂದು ಓದಿದೆವು, ಕಡಲನ್ನು ಮರೆತೆವು. ಅಂಥ ಮೂರ್ಖರು ನಾವು.

ಮೊದಲ ಏಪ್ರಿಲ್ ಬಂತು. ಮಗಳು ಹೊಸ ಫ್ರಾಕ್ ಹಾಕಿಕೊಂಡು ಚೀಲ ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕೂತಳು. ಹನ್ನೊಂದು ಗಂಟೆಗೆ ಪಕ್ಕದ ಮನೆಯ ಫೋನಿಗೆ ಅತ್ತೆಯ ಕರೆ ಬಂತು. ಎರಡು ವರ್ಷದ ಮೇಲೆ ನೇರವಾಗಿ ನನಗೆ ಹೇಳಿದ ಮೊದಲ ಮಾತು ಅದು: “ಬೋಟು ಬಂದಿಲ್ಲ ಗೋ. ಯಾವಾಗ ಬತ್ತದೆ ಅಂತ ಹೇಳೂಕೆ ಆಗೂದಿಲ್ಲ.” ಮಗಳನ್ನು ನಾನೇ ಕರೆದುಕೊಂಡು ಹೋಗಿ ಬಿಟ್ಟುಬಂದೆ. ಆ ಒಂದು ತಿಂಗಳಲ್ಲಿ ಅವಳು ಅಪ್ಪನನ್ನು ಎಚ್ಚರದಲ್ಲಿ ನೋಡಿದ್ದು ನಾಲ್ಕೋ ಐದೋ ಸಲ. ಉಳಿದಂತೆ ಅಜ್ಜಿಯೊಡನೆ ಮೀನು ಒಣಗಿಸುತ್ತ, ಕಾಗೆ ಓಡಿಸುತ್ತ ಇದ್ದಳು. ಅದನ್ನೇನೂ ಅವಳು ದೂರಲಿಲ್ಲ. “ಆಯಿ, ನಾನು ಎಂಬತ್ತು ಕಾಗೆ ಓಡ್ಸಿದೆ,” ಎಂದಳು.

ಜೂನಿನಲ್ಲಿ ಒಂದು ದಿನ ಸುರಿಯುವ ಮಳೆಯಲ್ಲಿ ಅವಳ ಅಪ್ಪ ಅಂಗನವಾಡಿಯ ಬಾಗಿಲಿಗೆ ಬಂದು ನಿಂತರು. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದರು.

“ನಿಮ್ಮ ಹತ್ರ ಒಂದು ಮಾತು ಕೇಳೂಕಿತ್ತು,” ಎಂದರು.

ಹಿಂದೆ ಮುಂದೆ ನೋಡಿದೆ. ಏಳು ವರ್ಷ ನನ್ನನ್ನು ‘ನೀನು’ ಎಂದಿದ್ದ ಮನುಷ್ಯ.

“ನಾನು ಯಾವಾಗಿಂದ ‘ನೀವು’ ಆದೆ?”

“ಈಗ ನೀವು ಬೇರೆ ಮನೆಯವ್ರಲ್ಲ? ಬೇರೆಯವ್ರ ಹೆಂಗಸ್ರಿಗೆ ಹಂಗೆ ಹೇಳೂಕಾತದಾ?”

ಸಹಾಯಕಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮರ್ಯಾದೆ ಬೇಕಾದರೆ ವಿಚ್ಛೇದನ ತಗೊಳ್ಳಬೇಕು ಎಂದು ಆಮೇಲೆ ವಾರವಿಡೀ ನನ್ನನ್ನು ಕಾಡಿದಳು. ಅಂದಿನಿಂದ ಕೊನೆಯವರೆಗೂ ಅವರು ನನ್ನನ್ನು ‘ನೀವು’ ಎಂದೇ ಕರೆದರು.

ಅವರು ಕೇಳಿದ್ದು ಇಷ್ಟು: ಈಗ ಎರಡು ತಿಂಗಳು ನಾನು ಮನೆಯಲ್ಲೇ ಇರುತ್ತೇನೆ. ಬೇಸಿಗೆಯ ಬದಲು ಈಗ ಮಗಳನ್ನು ಕಳಿಸುತ್ತೀರಾ?

ನಾನು ತಕ್ಷಣ ಹೂಂ ಎನ್ನಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಶಾಲೆ ಶುರುವಾಗಿತ್ತು, ಬೈತಖೋಲದಿಂದ ಅಂಕೋಲೆಯ ಶಾಲೆಗೆ ಪುಟ್ಟ ಮಗು ದಿನಾ ಬರಲಾಗದು. ಅದಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆಯಿತ್ತು. ಕಾಗದ ನನ್ನ ಪರವಾಗಿತ್ತು. ಒಂದು ಸಲ ಕೈಬಿಟ್ಟರೆ, ಎರಡು ತಿಂಗಳು ಅಲ್ಲೇ ಇದ್ದು ರೂಢಿಯಾದರೆ, ಮಗಳು ಪೂರ್ತಿ ಅವರ ಕಡೆಯವಳಾದರೆ? “ಶಾಲೆ ಇದೆ” ಎಂದಷ್ಟೇ ಹೇಳಿ ಕಳಿಸಿದೆ. ಅವರು ವಾದ ಮಾಡಲಿಲ್ಲ. ಆ ಮಳೆಗಾಲದಲ್ಲಿ ಎರಡು ಭಾನುವಾರದ ಲೆಕ್ಕ ಬಿಟ್ಟು ಎಲ್ಲ ಭಾನುವಾರ ಬಂದು, ನಮ್ಮ ಅಂಗಳದ ಹೊರಗೆ ಕೊಡೆ ಹಿಡಿದು ಮಗಳೊಡನೆ ಒಂದು ಗಂಟೆ ನಿಂತು ಹೋಗುತ್ತಿದ್ದರು. ಒಳಗೆ ಬನ್ನಿ ಎಂದು ಮೂರನೇ ಭಾನುವಾರ ನಾನು ಕರೆದೆ. ಐದನೇ ಭಾನುವಾರ ಬಂದರು.

ಆ ಕೊಡೆಯೇ ನನ್ನನ್ನು ವಕೀಲರ ಮೆಟ್ಟಿಲು ಹತ್ತಿಸಿತು. ಬೇಸಿಗೆಯ ತಿಂಗಳು ತೆಗೆದು ಮಳೆಗಾಲ ಕೊಟ್ಟರೆ ಮಗಳು ನನ್ನ ಕೈತಪ್ಪುತ್ತಾಳಾ ಎಂದು ಕೇಳಿದೆ. ಸುಪರ್ದಿ ನಿಮ್ಮದೇ ಇರುತ್ತದೆ, ಅವರ ದಿನಗಳು ಮಾತ್ರ ಬದಲಾಗುತ್ತವೆ, ಇಬ್ಬರೂ ಒಪ್ಪಿ ಕೇಳಿದರೆ ಕೋರ್ಟು ಆದೇಶ ತಿದ್ದುತ್ತದೆ ಎಂದರು. ಆಮೇಲೆ ತಲೆ ಕೆರೆದುಕೊಂಡು, “ಇಷ್ಟು ವರ್ಷ ಕಾರವಾರದಲ್ಲಿ ಕೂತು ನನಗೆ ಇದು ಹೊಳೆಯಬೇಕಿತ್ತು,” ಎಂದರು.

ಶಾಲೆಯ ತೊಡಕು ಬಿಡಿಸಿದವರು ಅತ್ತೆ. ಅವರ ತವರು ಹಾರವಾಡ, ಕಾರವಾರಕ್ಕೂ ಅಂಕೋಲೆಗೂ ನಡುವೆ ಕಡಲ ಬದಿಯ ಊರು. ಅಲ್ಲಿನ ಹಳೆಯ ಮನೆಯಲ್ಲಿ ಎರಡು ಕೋಣೆ ಖಾಲಿ ಇದ್ದವು, ಶಾಲೆಗೆ ನೇರ ಬಸ್ಸು ಇತ್ತು. “ಬಲೆ ಎಲ್ಲಿ ಕೂತು ಹೊಲಿದ್ರೂ ಬಲೆಯೇ,” ಎಂದರು ಅತ್ತೆ ಮಗನಿಗೆ. “ಟೆಂಪೋದಲ್ಲಿ ಹಾಕ್ಕಂಡು ಹಾರವಾಡಕ್ಕೆ ಬಾ ರೇ. ನಾನೂ ಬತ್ತೆ. ನಿನ್ನ ಅಡುಗೆ ತಿಂದ್ರೆ ಆ ಹುಡ್ಗಿ ಕೋರ್ಟಿಗೆ ತಾನೇ ಅರ್ಜಿ ಹಾಕ್ತದೆ.”

ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಘಟ್ಟದ ಮೇಲಿನವರು, ಊರಿಗೆ ಹೊಸಬರು. ಮಳೆಗಾಲದಲ್ಲಿ ಶಾಲೆ ಇರುತ್ತದಲ್ಲ, ಆಗ ಯಾಕೆ ಎಂದು ಕೇಳಿದರು. ಅವಳ ಅಪ್ಪ ಕಟಕಟೆ ಹಿಡಿದು ನಿಂತಿದ್ದರು. “ಬೇಸಿಗೇಲಿ ಮಗಳು ನಮ್ಮನೇಲಿ ಇದ್ರೂ ನಾ ಇರೂದಿಲ್ಲ ಸ್ವಾಮಿ,” ಎಂದರು. ಅಷ್ಟೇ. ನನಗೆ ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಸಾಹೇಬರು ಎರಡು ಸಲ ಕೇಳಿದರು. ಇಲ್ಲ ಎಂದೆ. ಎರಡನೇ ಸಲ ಜೋರಾಗಿಯೇ ಹೇಳಿದೆ. ಮಗಳನ್ನು ಒಳಗೆ ಕರೆಸಿ ಬೇರೆಯಾಗಿ ಮಾತಾಡಿದರು. ಹತ್ತು ನಿಮಿಷ ನಾನು ಬಾಗಿಲನ್ನೇ ನೋಡುತ್ತ ನಿಂತೆ. ಅವಳು ಬಿಸ್ಕೀಟು ಹಿಡಿದುಕೊಂಡು ಹೊರಬಂದಳು. ಸಾಹೇಬರು ಆದೇಶ ತಿದ್ದಿದರು.

“ಎಂತ ಕೇಳಿದ್ರು?” ಬಸ್ಸಿನಲ್ಲಿ ವಿಚಾರಿಸಿದೆ.

“ಸಾಹೇಬ್ರಿಗೆ ಕಡಲು ಬಂದ್ ಮಾಡ್ತಾರೆ ಅಂತ ಗೊತ್ತೇ ಇರ್ಲಿಲ್ಲ ಆಯಿ. ನಾನೇ ಹೇಳ್ಕೊಟ್ಟೆ.”

ಆಮೇಲಿನ ಮಳೆಗಾಲಗಳನ್ನು ನಾನು ಯಾರಿಗೆ ಹೇಳಿದರೂ ಮೊದಲು ಜಡೆಯ ವಿಷಯವನ್ನೇ ಹೇಳುತ್ತೇನೆ. ಹಾರವಾಡದಿಂದ ಶಾಲೆಗೆ ಕಳಿಸುವಾಗ ಜಡೆ ಹಾಕುವ ಕೆಲಸ ಅಪ್ಪನ ಪಾಲಿಗೆ ಬಂತು. ಅಜ್ಜಿಗೆ ಬೆಳಿಗ್ಗೆ ಒಲೆ ಬಿಟ್ಟು ಏಳಲಾಗದು. ಅಪ್ಪನಿಗೆ ಗೊತ್ತಿದ್ದದ್ದು ಹಗ್ಗ, ಬಲೆ. ಕೂದಲನ್ನು ಮೂರು ಎಳೆ ಮಾಡಿ ಹಗ್ಗದಂತೆ ಹೆಣೆದು, ತುದಿಗೆ ಕೆಂಪು ರಿಬ್ಬನ್ನನ್ನು ಬೋಟು ಕಟ್ಟುವ ಗಂಟಿನಲ್ಲಿ ಬಿಗಿದು ಕಳಿಸುತ್ತಿದ್ದರು. ಗಾಳಿ, ಮಳೆ, ಖೋ ಖೋ, ಯಾವುದಕ್ಕೂ ಬಿಚ್ಚುತ್ತಿರಲಿಲ್ಲ. ಶಾಲೆಯ ಅಕ್ಕೋರು ಒಂದು ದಿನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, “ನಿಮ್ಮ ಮಗಳ ಜಡೆ ಯಾರು ಹಾಕ್ತಾರೆ? ನನ್ನ ಮಗಳಿಗೂ ಕಲಿಸ್ತಾರಾ ಕೇಳಿ,” ಎಂದರು. ಅವರ ಮಗಳ ರಿಬ್ಬನ್ ವಾರಕ್ಕೆ ಎರಡು ಕಳೆಯುತ್ತಿದ್ದವಂತೆ. ಅದನ್ನು ತಿಳಿಸಿದಾಗ ಅವಳ ಅಪ್ಪ ನಾಚಿ ಕೆಂಪಾದರು. ಮೂರು ದಿನ ಅತ್ತೆ ಅವರನ್ನು “ಜಡೆ ಮಾಸ್ತರ್ರೇ” ಎಂದು ಕರೆದರು.

ಪುಸ್ತಕದ ಚೀಲ ಬಲೆಯ ನೈಲಾನಿನ ಹಾಗೂ ಒಣ ಮೀನಿನ ವಾಸನೆ ಹೊಡೆಯುತ್ತಿತ್ತು. ಮಗ್ಗಿಯನ್ನು ಬಲೆಯ ಕಣ್ಣು ಎಣಿಸುತ್ತ ಕಲಿತಳು. ಆರು ಕಣ್ಣು ಒಂದು ಸಾಲು, ಏಳು ಸಾಲು ಎಷ್ಟು ಎಂದು ಅಪ್ಪ ಕೇಳುತ್ತಿದ್ದರು, ಅವಳು ಹೇಳುವ ಮೊದಲೇ ಅಜ್ಜಿ ಅಡುಗೆಮನೆಯಿಂದ ಉತ್ತರ ಕೂಗುತ್ತಿದ್ದರು. ಅಜ್ಜಿ ಶಾಲೆಯ ಮುಖ ನೋಡಿದವರಲ್ಲ. ಮೀನು ಎಣಿಸಿದವರು.

ಆ ತಿಂಗಳುಗಳಲ್ಲಿ ನೋಡಲು ಹೋಗುವ ಸರದಿ ನನ್ನದು. ಭಾನುವಾರ ಬೆಳಿಗ್ಗೆ ಹಾರವಾಡದ ಬಸ್ಸು ಹತ್ತುವಾಗ ಎದೆ ಸ್ವಲ್ಪ ಭಾರವಾಗುತ್ತಿತ್ತು, ಇಳಿಯುವಾಗ ಇರುತ್ತಿರಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿರುತ್ತಿದ್ದರು. “ಬಂದಾಳೆ ನೋಡು ಸರ್ಕಾರಿ ಬಾಯಿ, ತಪಾಸಣೆಗೆ. ಕೈಕಾಲು ತೊಳಿ. ಬಂಗಡೆ ಹುರಿತಾ ಇದ್ದೆ.” ಈಗ ಗೋಡೆಗೆ ಹೇಳುತ್ತಿರಲಿಲ್ಲ. ಒಂದು ಸಲ ತಟ್ಟೆಗೆ ಮೂರನೇ ಬಂಗಡೆ ಹಾಕುತ್ತ, “ಸೊಸೆ ಆಗಿದ್ದಾಗ ನೀ ಇಷ್ಟು ತಿಂತಿರ್ಲಿಲ್ಲ ಮಾರಾಯ್ತಿ,” ಎಂದರು. “ಆಗ ನೀವು ಇಷ್ಟು ಹಾಕ್ತಿರ್ಲಿಲ್ಲ ಅತ್ತೆ,” ಎಂದೆ. ಅವಳ ಅಪ್ಪ ಬಲೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಮಗಳಿಗೆ ಯಾರು ಯಾಕೆ ನಗುತ್ತಾರೆ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಾವು ಮತ್ತೆ ಕೂಡಬೇಕಿತ್ತು ಎಂದು ಜನ ಹೇಳುತ್ತಾರೆ. ಇಲ್ಲ. ಗಂಡ ಹೆಂಡತಿಯಾಗಿ ನಮಗೆ ಒಂದು ಕೆಲಸವೂ ಸರಿಬರಲಿಲ್ಲ. ಅಪ್ಪ ಅಮ್ಮನಾಗಿ ಬಂತು. ಅವಳಿಗೆ ಕಾಮಾಲೆಯಾದಾಗ ಎಲ್ಲಿಯ ಔಷಧ ಎಂದು ಎರಡೇ ಮಾತಿನಲ್ಲಿ ತೀರ್ಮಾನಿಸಿದೆವು. ಮೊದಲಾಗಿದ್ದರೆ ಅದಕ್ಕೆ ಎರಡು ವಾರ ಮುಖ ತಿರುಗಿಸಿಕೊಂಡಿರುತ್ತಿದ್ದೆವು. ಬೋಟು ಬಂಡೆಗೆ ಹೊಡೆಯಲಿಲ್ಲ.

ಆ ಬುಧವಾರ ನಾನು ಮಗಳನ್ನು ಕರೆದುಕೊಂಡು ಬೈತಖೋಲಕ್ಕೆ ಹೋದೆ. ಮನೆ ತುಂಬ ಜನ. ಮಗಳಿಗೆ ಸೂತಕವಿತ್ತು, ನನಗೆ ಇರಲಿಲ್ಲ. ನಾನು ಯಾರೆಂದು ಎಲ್ಲಿ ನಿಲ್ಲಬೇಕು ತಿಳಿಯದೆ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತೆ. ಅತ್ತೆ ಒಳಗಿನಿಂದ ನೋಡಿದರು. ಪಕ್ಕದಲ್ಲಿ ಕೂತವರನ್ನು ಸರಿಸಿ ಚಾಪೆ ತಟ್ಟಿದರು. “ಇಲ್ಲಿ ಬಾ ಗೋ. ಇಲ್ಲಿ ಕೂಕೋ.” ಹೋಗಿ ಕೂತೆ.

ಕೆಲವು ವಾರಗಳ ಮೇಲೆ ವಕೀಲರ ಮೆಟ್ಟಿಲು ಹತ್ತಿದೆ. ಏನಾದರೂ ಬರೆದುಕೊಡಬೇಕಾ ಎಂದು ಕೇಳಿದೆ. ಏನೂ ಇಲ್ಲ ಎಂದರು. ಇನ್ನು ಮನೆಯೂ ತೀರ್ಮಾನವೂ ಎಲ್ಲವೂ ನಿಮ್ಮೊಬ್ಬರದೇ ಎಂದರು. ಹಿಂದೊಮ್ಮೆ ಅದೇ ಕೋಣೆಯಲ್ಲಿ ಕೂತು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ಅದನ್ನೇ. ಹಾರವಾಡದ ವಿಷಯ ಕೇಳಿದೆ. ಅಜ್ಜಿಗೆ ಆ ಆದೇಶದಲ್ಲಿ ದಿನಗಳಿಲ್ಲ, ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದರು.

ಹೊಸ ಕೊಡೆ ಕೊಂಡೆ. ಜೂನಿನಲ್ಲಿ ಮಗಳ ಚೀಲ ಕಟ್ಟಿದೆ. ನನ್ನದನ್ನೂ ಕಟ್ಟಿದೆ, ಶನಿವಾರ ಭಾನುವಾರಕ್ಕೆ ಎಂದು. ಅತ್ತೆ ಬಾಗಿಲಲ್ಲೇ ಇದ್ದರು. “ಈ ವರ್ಷ ಸರ್ಕಾರಿ ಬಾಯಿಗೆ ವಸ್ತಿಯೂ ಇದ್ಯಾ? ಬಂಗಡೆ ಜಾಸ್ತಿ ತರೂಕಾತು ಹಂಗಾರೆ,” ಎಂದರು. ಬಲೆ ಬಂದಿರಲಿಲ್ಲ, ಉಳಿದದ್ದೆಲ್ಲ ಇತ್ತು. ಮಗಳು ಅಜ್ಜಿಗೆ ಮಗ್ಗಿ ತಪ್ಪು ಹೇಳಿ ಬೈಸಿಕೊಂಡಳು. ಮೂವರೂ ನಕ್ಕೆವು.

ಈಗ ಬೆಳಿಗ್ಗೆ ಜಡೆ ಹಾಕುವುದು ಅತ್ತೆ, ನಾನಿದ್ದ ದಿನ ನಾನು. ಅವಳು ನೆನಪಿದ್ದಷ್ಟು ಹೇಳಿಕೊಡುತ್ತಾಳೆ: ಹೀಗೆ ಸುತ್ತಿ, ಇಲ್ಲಿ ಕೆಳಗಿಂದ ತೆಗೆದು, ಆಮೇಲೆ ಅಪ್ಪ ಏನೋ ಮಾಡ್ತಿದ್ರು. ಆ ಏನೋ ಏನೆಂದು ಅವಳು ನೋಡಿಲ್ಲ, ಜಡೆ ಅವಳ ಬೆನ್ನ ಹಿಂದಿತ್ತು. ಅಂಕೋಲೆ ಮುಟ್ಟುವ ಮೊದಲೇ ರಿಬ್ಬನ್ ಬಿಚ್ಚಿಕೊಳ್ಳುತ್ತದೆ. ಆ ಗಂಟು ನಮ್ಮ ಮೂವರಲ್ಲಿ ಯಾರಿಗೂ ಬರುವುದಿಲ್ಲ.